ಬಾಗೇವಾಡಿಯವರು ಜಪಾನಿನಲ್ಲಿ ತೇರು ಎಳೆದದ್ದು

ಇಂಡಿಯ ಬಸ್ ಸ್ಟ್ಯಾಂಡಿನ ಎದುರಿಗೆ ನಮ್ಮದೊಂದು ಪಂಪ್‌ಸೆಟ್ಟಿನ ಅಂಗಡಿ ಇತ್ತು. ಬೋರ್ಡಿನ ಮೇಲೆ ಮಾವನವರ ಹೆಸರು, ಲೈಸೆನ್ಸಿನಲ್ಲಿ ಯಜಮಾನರ ಹೆಸರು, ಗಲ್ಲಾಪೆಟ್ಟಿಗೆಯ ಮುಂದೆ ನಾನು. ಯಜಮಾನರು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದರು. ಆದಿಲಶಾಹಿಯವರು ಬಿಜಾಪುರಕ್ಕೆ ನೀರು ತಂದದ್ದು ಹೇಗೆ ಎಂದು ಕೇಳಿದರೆ ಊಟ ಬಿಟ್ಟು ಹೇಳುತ್ತಿದ್ದರು. ನಮ್ಮ ಅಂಗಡಿಯ ಇಂಜಿನ್ನು ಬಾವಿಯ ನೀರನ್ನು ಮೇಲೆ ತರುವುದು ಹೇಗೆ ಎಂಬುದು ಮಾತ್ರ ಅವರಿಗೆ ಬೇಡವಾಗಿತ್ತು. ಹೀಗಾಗಿ ಮದುವೆಯಾಗಿ ಬಂದ ಕೆಲವೇ ವರ್ಷಗಳಲ್ಲಿ ನಾನು ಪಿಸ್ಟನ್ನು, ನೋಜಲ್ಲು, ಫುಟ್‌ವಾಲ್ವುಗಳ ಸಹವಾಸಕ್ಕೆ ಬಿದ್ದೆ. ಮೊದಮೊದಲು ರೈತರು ಅಂಗಡಿಗೆ ಬಂದು, ‘ಒಳಗ ಗಂಡಸರು ಯಾರೂ ಇಲ್ಲೇನ್ರಿ?’ ಎಂದು ಕೇಳುತ್ತಿದ್ದರು. ಆಮೇಲೆ ಯಜಮಾನರು ಅಪ್ಪಿತಪ್ಪಿ ಅಂಗಡಿಯಲ್ಲಿ ಕೂತಿದ್ದರೆ, ‘ಅಕ್ಕಾರು ಎಲ್ಲಿ ಹೋಗ್ಯಾರ್ರಿ?’ ಎಂದು ಕೇಳತೊಡಗಿದರು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿರಬೇಕು. ನಾವು ಯಾರ ಇಂಜಿನ್ನು ಮಾರುತ್ತಿದ್ದೆವೋ ಆ ಪುಣೆಯ ಕಂಪನಿ ಜಪಾನಿನ ಒಂದು ಕಾರ್ಖಾನೆಯ ಜೊತೆ ಸಂಬಂಧ ಬೆಳೆಸಿತು. ಆ ಸಂತೋಷಕ್ಕೆ, ಹೆಚ್ಚು ಮಾಲು ಮಾರಿದ ಡೀಲರುಗಳನ್ನೆಲ್ಲ ಜಪಾನಿಗೆ ಕರೆದೊಯ್ದು ಕಾರ್ಖಾನೆ ತೋರಿಸುವುದಾಗಿ ಸಾರಿತು. ಯಜಮಾನರಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆಯೇ, ‘ನಾ ಒಲ್ಲೆ. ಅಷ್ಟು ಹೊತ್ತು ವಿಮಾನದಾಗ ಕೂಡೂದು ನನ್ನ ಕೈಲೆ ಆಗೂದಿಲ್ಲ. ಅಂಗಡಿ ನಡಸಾಕಿ ನೀನು, ನೀನ ಹೋಗು’ ಅಂದರು. ಇಷ್ಟು ದೊಡ್ಡ ನ್ಯಾಯವನ್ನು ನಮ್ಮ ಮನೆಯಲ್ಲಿ ಅದಕ್ಕೂ ಮೊದಲು ಯಾರೂ ಇಷ್ಟು ಸುಲಭವಾಗಿ ಹೇಳಿರಲಿಲ್ಲ.

ಬಿಜಾಪುರ ಜಿಲ್ಲೆಯಿಂದ ಆಯ್ಕೆಯಾದವರು ನಾಲ್ವರು. ಡೀಲರುಗಳ ಮೀಟಿಂಗಿನಲ್ಲಿ ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುವುದು ರೂಢಿ. ಹಾಗಾಗಿ ನಾನು ‘ಇಂಡಿ ಅಕ್ಕಾರು’. ಸಿಂದಗಿಯವರು ಅಂದರೆ ಅಲ್ಲಿ ಅಜ್ಜನ ಕಾಲದಿಂದ ಕಬ್ಬಿಣದ ವ್ಯಾಪಾರ ಮಾಡಿಕೊಂಡು ಬಂದ ಸಾಹೇಬರು. ನೀರಿಗಾಗಿ, ಕರೆಂಟಿಗಾಗಿ, ಬಸ್ಸಿಗಾಗಿ ಸಿಂದಗಿಯಲ್ಲಿ ಯಾವ ಧರಣಿ ನಡೆದರೂ ಮೊದಲು ಜಮಖಾನೆ ಹಾಸುವವರು ಅವರೇ. ಮುದ್ದೇಬಿಹಾಳದವರು ನಮ್ಮಲ್ಲಿ ಚಿಕ್ಕವರು. ಮೆಕ್ಯಾನಿಕ್ ಆಗಿದ್ದವರು ಡೀಲರ್ ಆಗಿದ್ದರು. ಮನುಷ್ಯರ ಮುಖ ನೋಡಿ ಮಾತಾಡುವುದಕ್ಕಿಂತ ಯಂತ್ರದ ಹೊಟ್ಟೆಯಲ್ಲಿ ತಲೆ ತೂರಿಸಿ ಮಾತಾಡುವುದು ಅವರಿಗೆ ಹಿತ.

ನಾಲ್ಕನೆಯವರು ಬಸವನ ಬಾಗೇವಾಡಿಯವರು. ದೊಡ್ಡ ಮೀಸೆ, ದೊಡ್ಡ ದನಿ, ಬಿಳಿ ಸಫಾರಿ. ಊರಿನಲ್ಲಿ ಎಷ್ಟು ಸಂಘಗಳಿದ್ದವೋ ಅಷ್ಟಕ್ಕೂ ಅವರು ಅಧ್ಯಕ್ಷರು. ಅಧ್ಯಕ್ಷತೆ ಖಾಲಿ ಇಲ್ಲದ ಕಡೆ ಗೌರವಾಧ್ಯಕ್ಷರು. ಎಲ್ಲಿ ಹೋದರೂ ನಡುವಿನ ಕುರ್ಚಿ ಹುಡುಕಿಕೊಂಡು ಹೋಗಿ ಕೂಡುವುದು ಅವರ ಅಭ್ಯಾಸ. ಬಸ್ಸಿನಲ್ಲಿ ನಡುವಿನ ಕುರ್ಚಿ ಇಲ್ಲದ್ದರಿಂದ ಡ್ರೈವರನ ಹಿಂದಿನ ಸೀಟು. ನಾವು ಹೊರಡುವ ವಾರದಲ್ಲಿ ಬಾಗೇವಾಡಿಯ ಬಸ್ ಸ್ಟ್ಯಾಂಡಿನಲ್ಲಿ ಬಟ್ಟೆಯ ಬ್ಯಾನರು ಕಟ್ಟಿದ್ದರಂತೆ: ‘ವಿದೇಶ ಪ್ರವಾಸ ಕೈಗೊಂಡಿರುವ ನಮ್ಮ ನೆಚ್ಚಿನ ನಾಯಕರಿಗೆ ಶುಭ ಹಾರೈಕೆಗಳು.’ ಹಾರೈಸಿದವರು ಯಾರೆಂದು ಕೆಳಗೆ ಬರೆದಿರಲಿಲ್ಲ. ಬ್ಯಾನರಿನ ಖರ್ಚು ಯಾರದೆಂದು ಊರಿಗೆಲ್ಲ ಗೊತ್ತಿತ್ತು.

ವಿಮಾನ ನಿಲ್ದಾಣದಲ್ಲಿ ಅವರ ಚೀಲ ತೆಗೆಸಿ ನೋಡಿದರು. ಮೇಲೆ ಧೋತರ, ಕೆಳಗೆ ಶಾಲುಗಳ ಒಂದು ಗಂಟು.

‘ಇಷ್ಟ್ಯಾಕ ಶಾಲು ತಂದೀರಿ? ಅಲ್ಲಿ ಅಷ್ಟು ಥಂಡಿ ಐತೇನ್ರಿ?’ ಎಂದು ಕೇಳಿದೆ.

‘ಥಂಡಿಗಲ್ರಿ ಅಕ್ಕಾರ. ಅಲ್ಲಿ ಪ್ರಮುಖರು ಭೇಟಿ ಆಗ್ತಾರ. ಮ್ಯಾಲೊಂದು ಶಾಲು ಹೊಚ್ಚದಿದ್ರ ಹೆಂಗ? ನಮ್ಮ ಜಿಲ್ಲಾದ ಮರ್ಯಾದಿ ಪ್ರಶ್ನಿ ಐತಿ.’

ನನ್ನ ಚೀಲದಲ್ಲಿ ಜಿಲ್ಲೆಯ ಮರ್ಯಾದೆ ಬೇರೆ ರೂಪದಲ್ಲಿತ್ತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ. ಜಪಾನಿನಲ್ಲಿ ಇಳಿದ ಮೊದಲ ದಿನವೇ, ಅಲ್ಲಿ ಸಾರಿನಲ್ಲಿ ಮೀನು, ಪಲ್ಯದಲ್ಲಿ ಮೀನು, ಬರೀ ನೀರಿನಂತೆ ಕಾಣುವುದರಲ್ಲೂ ಮೀನು ಎಂದು ತಿಳಿಯಿತು. ಲಿಂಗ ಕಟ್ಟಿಕೊಂಡ ಬಾಗೇವಾಡಿಯವರು, ಹಲಾಲ್ ನೋಡುವ ಸಿಂದಗಿಯವರು, ಇಬ್ಬರೂ ಅಕ್ಕಪಕ್ಕ ಕೂತು ನನ್ನ ರೊಟ್ಟಿ ಮುರಿದರು. ಮುದ್ದೇಬಿಹಾಳದವರು ಎದುರಿಗಿಟ್ಟದ್ದನ್ನೆಲ್ಲ ತಿಂದು, ‘ರುಚಿ ಅದಾವ್ರಿ’ ಎಂದು ಹೇಳಿ ಇವರಿಬ್ಬರ ಪಾಲನ್ನೂ ತಮ್ಮ ಕಡೆ ಎಳೆದುಕೊಂಡರು.

ಕಂಪನಿಯ ಸಾಹೇಬರೊಬ್ಬರು ಪುಣೆಯಿಂದ ನಮ್ಮ ಜೊತೆ ಬಂದಿದ್ದರು. ನಾಸಿಕ್, ಸೊಲ್ಲಾಪುರ ಕಡೆಯ ಡೀಲರುಗಳೂ ನಮ್ಮ ಬಸ್ಸಿನಲ್ಲೇ ಇದ್ದರು. ದಾರಿ ತೋರಿಸಲು ಒಬ್ಬ ಜಪಾನಿ ಹೆಣ್ಣುಮಗಳು ಇದ್ದಳು. ಕೈಯಲ್ಲಿ ಸಣ್ಣದೊಂದು ಹಳದಿ ಬಾವುಟ ಹಿಡಿದು ಮುಂದೆ ನಡೆಯುವಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಪುಣೆಯ ಸಾಹೇಬರು ಹಿಂದಿಯಲ್ಲಿ ಹೇಳಬೇಕು, ಅದನ್ನು ಸಿಂದಗಿಯವರು ನಮ್ಮ ಮಾತಿಗೆ ತಿರುಗಿಸಬೇಕು. ಅವಳು ಅರ್ಧ ತಾಸು ಹೇಳಿದ ಒಂದು ಗುಡಿಯ ಚರಿತ್ರೆ ನಮ್ಮ ತನಕ ಬರುವಷ್ಟರಲ್ಲಿ ‘ಭಾಳ ಹಳೇದಂತರಿ’ ಎಂದಷ್ಟೇ ಉಳಿಯುತ್ತಿತ್ತು.

ಕಾರ್ಖಾನೆಗೆ ಹೋಗುವ ಮೊದಲು ನಮ್ಮನ್ನು ಗುಡ್ಡಗಳ ನಡುವಿನ ಒಂದು ಸಣ್ಣ ಊರಿಗೆ ಕರೆದೊಯ್ದರು. ಅಲ್ಲಿ ಶರತ್ಕಾಲದ ಹಬ್ಬ. ಊರಿನ ಒಂದೊಂದು ಓಣಿಗೂ ಒಂದೊಂದು ತೇರು. ಎಲ್ಲವೂ ಅಜ್ಜ ಮುತ್ತಜ್ಜರ ಕಾಲದವು. ವರ್ಷವಿಡೀ ಎತ್ತರದ ಬಾಗಿಲಿನ ಮಣ್ಣಿನ ಕೋಠಿಗಳಲ್ಲಿ ನಿಲ್ಲಿಸಿ, ಹಬ್ಬದ ಎರಡು ದಿನ ಮಾತ್ರ ಹೊರಗೆ ತೆಗೆಯುತ್ತಾರಂತೆ. ನಮಗೆ ಗೊತ್ತುಮಾಡಿದ್ದು ಮೊದಲನೆಯ ದಿನ. ಬೆಳಿಗ್ಗೆ ಎದ್ದು ಕಿಟಕಿ ಸರಿಸಿದರೆ ಮಳೆ. ನಮ್ಮ ಕಡೆಯ ಹಾಗೆ ದೂಳೆಬ್ಬಿಸಿ ಬಂದು ಹೋಗುವ ಮಳೆಯಲ್ಲ. ಸಣ್ಣಗೆ, ಸದ್ದಿಲ್ಲದೆ, ಎಲ್ಲಿಗೂ ಹೋಗುವ ಅವಸರವಿಲ್ಲದಂತೆ ಬೀಳುತ್ತಿತ್ತು.

ಊಟದ ಕೋಣೆಗೆ ಬಂದ ಗೈಡ್ ಹೆಣ್ಣುಮಗಳು ಸೊಂಟದ ತನಕ ಬಗ್ಗಿ ಏನೋ ಹೇಳಿದಳು. ಮೂರು ಭಾಷೆ ದಾಟಿ ಬಂದ ಸುದ್ದಿ ಇಷ್ಟು: ಮಳೆಯಲ್ಲಿ ತೇರು ಹೊರಗೆ ಬರುವುದಿಲ್ಲ. ಹಳೆಯ ಅರಗಿನ ಬಣ್ಣ, ಚಿನ್ನದ ತಗಡು, ಒಂದು ಹನಿ ಬಿದ್ದರೂ ಕೆಟ್ಟೀತು.

ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಮ್ಮ ಹೊಟ್ಟೆ ಬಟ್ಟೆ ಎಲ್ಲ ಮಳೆಯ ಮೇಲೆ. ಮಳೆ ಚೆನ್ನಾಗಿ ಆದರೆ ರೈತ ಇಂಜಿನ್ನು ಕೊಳ್ಳುತ್ತಾನೆ, ಸ್ವಲ್ಪ ಕಡಿಮೆಯಾದರೆ ಎರಡು ಕೊಳ್ಳುತ್ತಾನೆ, ಪೂರ್ತಿ ಕೈಕೊಟ್ಟರೆ ಹಳೆಯದನ್ನು ತಂದು ನಮ್ಮ ಅಂಗಡಿ ಮುಂದೆ ಇಳಿಸುತ್ತಾನೆ. ಮಳೆ ಬರಲಿಲ್ಲ ಎಂದು ಬೈಯುವುದನ್ನು ಕೇಳುತ್ತಲೇ ಬೆಳೆದವಳು ನಾನು. ಬಂದ ಮಳೆಯನ್ನು ಬೈಯುವುದು ನನಗಂತೂ ಹೊಸದು. ಆ ದಿನ ಬಾಗೇವಾಡಿಯವರು ಕಿಟಕಿಯ ಮುಂದೆ ನಿಂತು ಆಕಾಶಕ್ಕೆ ಬೈದದ್ದನ್ನು ಹಿಂಗಾರಿ ಬಿತ್ತನೆಗೆ ಕಾಯುತ್ತಿದ್ದ ನಮ್ಮೂರಿನ ರೈತ ಯಾರಾದರೂ ಕೇಳಿದ್ದರೆ ಅವರ ಅಧ್ಯಕ್ಷಗಿರಿಗಳೆಲ್ಲ ಅಲ್ಲಿಗೇ ಮುಗಿಯುತ್ತಿದ್ದವು.

ಹೋಟೆಲಿನ ಫೋನಿನಿಂದ ಮನೆಗೆ ಮಾತಾಡಿದೆ.

‘ಮಳಿ ಆತೇನ್ರಿ?’ ಎಂದು ಕೇಳಿದೆ.

‘ಬರೇ ಮೋಡ ಆಗ್ತೈತಿ, ಹೋಗ್ತೈತಿ. ಅಲ್ಲಿ?’ ಎಂದರು ಯಜಮಾನರು.

‘ಜಿಟಿಜಿಟಿ ಹಿಡದೈತಿ, ಬಿಡವಲ್ದು. ತೇರು ಹೊರಗ ಬರೂದಿಲ್ಲಂತ. ನಿಲ್ಲಲೆಪಾ ಅಂತ ಎಲ್ಲಾರೂ ಬೇಡ್ಕೊಳ್ಳಾಕತ್ತೇವಿ.’

‘ಬೇಡ್ಕೊಳ್ಳೂಮುಂದ ಊರ ಹೆಸರ ಹೇಳಿ ಬೇಡ್ಕೋರಿ,’ ಎಂದರು ಇತಿಹಾಸದ ಮೇಷ್ಟ್ರು. ‘ಮ್ಯಾಲಿನವ್ರಿಗಿ ಬರೇ ಇಂಡಿಯವರ ದನಿ ಕೇಳಿದ್ರ ಇಲ್ಲಿ ಮೋಡಾನೂ ಒಯ್ದಾರು.’

ಆ ದಿನವನ್ನು ನಾವು ಬಾಗಿಲು ನೋಡುವುದರಲ್ಲಿ ಕಳೆದೆವು. ಹೋಟೆಲಿನವರು ಕೊಟ್ಟ ಪಾರದರ್ಶಕ ಕೊಡೆಗಳನ್ನು ಹಿಡಿದು, ಹಳದಿ ಬಾವುಟದ ಹಿಂದೆ ಸಾಲಾಗಿ ನಡೆದು, ಒಂದು ಕೋಠಿಯ ಬಾಗಿಲು, ಇನ್ನೊಂದು ಕೋಠಿಯ ಬಾಗಿಲು. ಒಂದು ಕಡೆ ಮಾತ್ರ ಬಾಗಿಲು ತೆರೆದಿತ್ತು. ಒಳಗಿನ ಕತ್ತಲಲ್ಲಿ ತೇರಿನ ಕರಿ ಗಾಲಿಯೊಂದು ಮಿನುಗುತ್ತಿತ್ತು. ಹೊಸ್ತಿಲಲ್ಲಿ ಒಬ್ಬ ಮುದುಕರು ಮಂಡಿಯೂರಿ, ಒಳಗೆ ಹಾರಿದ ಹನಿಗಳನ್ನು ಬಟ್ಟೆಯಿಂದ ಒರೆಸುತ್ತಿದ್ದರು.

ಬಾಗೇವಾಡಿಯವರಿಗೆ ತಡೆಯಲಾಗಲಿಲ್ಲ. ‘ಇದಕ್ಕೇನ ದೊಡ್ಡ ವಿದ್ಯಾ ಬೇಕ್ರಿ? ಮ್ಯಾಲೊಂದು ತಾಡಪತ್ರಿ ಹೊಚ್ಚಿ ಎಳೀರಿ ಅಂತ ಹೇಳ್ರಿ ಅವ್ರಿಗಿ. ನಾವು ಕಡ್ಲಿ ಚೀಲ ಹಂಗ ಒಯ್ತೇವಿ.’

ಮಾತು ಸಿಂದಗಿಯವರಿಂದ ಪುಣೆಗೆ, ಪುಣೆಯಿಂದ ಗೈಡಿಗೆ, ಗೈಡಿನಿಂದ ಮುದುಕರಿಗೆ ಹೋಯಿತು. ಮುದುಕರು ಎದ್ದು ನಿಂತು ಬಗ್ಗಿ ಬಹಳ ಹೊತ್ತು ಮಾತಾಡಿದರು. ಉತ್ತರ ಅದೇ ದಾರಿಯಲ್ಲಿ ತಿರುಗಿ ಬಂತು.

‘ಏನಂತರಿ?’ ಎಂದರು ಬಾಗೇವಾಡಿಯವರು.

‘ಮಳಿ ಬಂದದ್ದಕ್ಕ ಮಾಫಿ ಕೇಳಾಕತ್ತಾರ್ರಿ,’ ಎಂದರು ಸಿಂದಗಿಯವರು.

ಬಾಗೇವಾಡಿಯವರ ಇಡೀ ಸಾರ್ವಜನಿಕ ಜೀವನದಲ್ಲಿ ಯಾವುದಕ್ಕೂ ಯಾರೂ ಅವರ ಹತ್ತಿರ ಕ್ಷಮೆ ಕೇಳಿರಲಿಲ್ಲ. ಅವರೂ ಯಾರಿಗೂ ಕೇಳಿದವರಲ್ಲ. ಏನು ಮಾಡಬೇಕೆಂದು ತಿಳಿಯದೆ ಅವರೂ ಬಗ್ಗಿದರು. ಮುದುಕರು ಇನ್ನೂ ಕೆಳಗೆ ಬಗ್ಗಿದರು. ಇವರೂ ಬಗ್ಗಿದರು. ಮುದ್ದೇಬಿಹಾಳದವರು ಹೋಗಿ ಬಾಗೇವಾಡಿಯವರ ರಟ್ಟೆ ಹಿಡಿದು ಎಳೆದು ತರದಿದ್ದರೆ ಇಬ್ಬರೂ ಅಲ್ಲೇ ನೆಲ ಮುಟ್ಟುತ್ತಿದ್ದರು.

ಸಂಜೆ ಪುಣೆಯ ಸಾಹೇಬರು, ‘ಬೆಳಿಗ್ಗೆ ಎಂಟಕ್ಕೆ ಬಸ್ಸು. ಕಾರ್ಖಾನೆಗೆ ಹೊರಡುವುದು’ ಎಂದು ಹೇಳಿ ಮಲಗಲು ಹೋದರು. ಬೆಳಿಗ್ಗೆ ಎದ್ದರೆ ಆಕಾಶ ತೊಳೆದ ಗಂಗಾಳದ ಹಾಗಿದೆ! ಎಲ್ಲೋ ದೂರದಲ್ಲಿ ಡೊಳ್ಳಿನಂಥ ಸದ್ದು, ಕೊಳಲು. ಹೋಟೆಲಿನ ಮುಂದೆ ನಮ್ಮ ಬಸ್ಸು ಇಂಜಿನ್ ಚಾಲೂ ಮಾಡಿಕೊಂಡು ನಿಂತಿತ್ತು.

‘ಇಷ್ಟು ದೂರ ಬಂದು ಬಾಗಲಾ ನೋಡಿ ಹೋಗೂದೇನ್ರಿ?’ ಎಂದರು ಸಿಂದಗಿಯವರು. ಅಷ್ಟು ಹೇಳಿ, ಹೋಟೆಲಿನ ಮುಂದಿನ ಕೋಣೆಯ ನಡುವೆ, ಹೊಳೆಯುವ ಮರದ ನೆಲದ ಮೇಲೆ, ಚಕ್ಕಳಬಕ್ಕಳ ಹಾಕಿ ಕೂತೇಬಿಟ್ಟರು.

ಅವರ ಪಕ್ಕ ಮುದ್ದೇಬಿಹಾಳದವರು ಕೂತರು. ನಡುವಿನ ಜಾಗ ಸಿಗುವುದಾದರೆ ಕೂಡುತ್ತೇನೆಂದು ಬಾಗೇವಾಡಿಯವರು ಕೂತರು. ನಾನೂ ಸೆರಗು ಸರಿಮಾಡಿಕೊಂಡು ಕೂತೆ. ಸಿಂದಗಿಯವರು ರೂಢಿಯಂತೆ ‘ಬೇಕೇ ಬೇಕು’ ಎಂದು ಶುರುಮಾಡಿದರು. ಆದರೆ ಆ ಕೋಣೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಗೋಡೆಯ ಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು. ಅವರ ದನಿ ತಾನೇ ತಗ್ಗಿ, ‘ನ್ಯಾಯ ಬೇಕು’ ಎಂದು ನಾವು ಹೇಳುವಾಗ ಗುಡಿಯೊಳಗೆ ಮಂತ್ರ ಹೇಳುವ ಹಾಗೆ ಆಯಿತು.

ಪುಣೆಯ ಸಾಹೇಬರು ಕೆಂಪಾದರು. ‘ಕ್ಯಾ ತಮಾಶಾ ಹೈ ಯಹ್?’ ಎಂದರು. ಅಷ್ಟರಲ್ಲಿ ಒಳಗಿನಿಂದ ಹೋಟೆಲಿನ ಹೆಣ್ಣುಮಕ್ಕಳು ಓಡೋಡಿ ಬಂದರು. ಅತಿಥಿಗಳು ಬರಿ ನೆಲದ ಮೇಲೆ ಕೂತಿದ್ದಾರೆ! ನಮ್ಮ ಒಬ್ಬೊಬ್ಬರ ಕೆಳಗೂ ಒಂದೊಂದು ದಿಂಬು ತೂರಿಸಿದರು. ಮುಂದೆ ಹಸಿರು ಚಹಾ ಇಟ್ಟರು, ಎಲೆಯಲ್ಲಿ ಸುತ್ತಿದ ಸಿಹಿ ಇಟ್ಟರು. ಮ್ಯಾನೇಜರು ಬಂದು ನಮ್ಮೆದುರು ಮಂಡಿಯೂರಿ, ನಮಗೆ ಏನು ಕೊರತೆಯಾಯಿತೆಂದು ಕೇಳಿ ಕ್ಷಮೆ ಬೇಡಿದರು. ನಮಗೆ ಬೇಡಿದ್ದು ಸಾಲದೆಂದು ತಿರುಗಿ ಪುಣೆಯ ಸಾಹೇಬರಿಗೂ ಬೇಡತೊಡಗಿದರು. ಚಹಾ ಬಂದದ್ದು ಕಂಡು ನಾಸಿಕ್, ಸೊಲ್ಲಾಪುರ ಕಡೆಯ ಡೀಲರುಗಳೂ ಬಸ್ಸಿನಿಂದ ಇಳಿದು ಬಂದು ಧರಣಿಗೆ ಕೂತರು.

‘ಇಂಥಾ ಧರಣಿ ನಾ ಎಂದೂ ಮಾಡಿಲ್ರಿ ಅಕ್ಕಾರ,’ ಎಂದು ಸಿಂದಗಿಯವರು ನನ್ನ ಕಿವಿಯಲ್ಲಿ ಹೇಳಿದರು. ‘ಸಿಂದಗ್ಯಾಗ ಕೂತ್ರ ಮೂರು ದಿನದ ಮ್ಯಾಲ ತಹಶೀಲದಾರು ಕಿಟಕ್ಯಾಗ ಹಣಿಕಿ ನೋಡ್ತಾರ. ಇಲ್ಲಿ ನಾಚಿಕಿ ಆಗಾಕತ್ತೈತಿ.’

ಪುಣೆಯ ಸಾಹೇಬರಿಗೆ ಕ್ಷಮೆ ತಡೆದುಕೊಳ್ಳಲಾಗಲಿಲ್ಲ. ಮಧ್ಯಾಹ್ನದ ತನಕ ಹಬ್ಬ, ಆಮೇಲೆ ಬಸ್ಸು, ಕಾರ್ಖಾನೆ ನಾಳೆಗೆ ಎಂದು ತೀರ್ಪು ಕೊಟ್ಟರು. ಬಸ್ಸು ಎಲ್ಲಿ ನಿಂತಿರುತ್ತದೆ, ಯಾರೂ ಹಳದಿ ಬಾವುಟ ಬಿಟ್ಟು ಹೋಗಬಾರದು, ಎಂದು ಎಲ್ಲರಿಗೂ ತಿಳಿಸಿ ಹೇಳಿದರು. ಬಾಗೇವಾಡಿಯವರು ಒಂದು ಶಾಲನ್ನು ಮಡಚಿ ಬಗಲಲ್ಲಿ ಇಟ್ಟುಕೊಂಡರು.

ತೇರುಗಳು ಹೊರಗೆ ಬಂದಿದ್ದವು. ಅವನ್ನು ನೋಡಿದಾಗ, ಮುದುಕರು ಹನಿ ಹನಿ ಒರೆಸಿದ್ದು ಯಾಕೆಂದು ತಿಳಿಯಿತು. ಎರಡಂತಸ್ತಿನ ಸಣ್ಣ ಅರಮನೆಯನ್ನೇ ಗಾಲಿಯ ಮೇಲೆ ಕೂಡಿಸಿದ ಹಾಗೆ. ಕರಿ ಅರಗು ಎಷ್ಟು ನಯವೆಂದರೆ ಅದರಲ್ಲಿ ನನ್ನ ಸೀರೆಯ ಬಣ್ಣ ಕಾಣುತ್ತಿತ್ತು. ಅಂಚಿನಲ್ಲಿ ಚಿನ್ನದ ಹೂಬಳ್ಳಿ, ಹಿಂದೆ ನೆಯ್ದ ಪರದೆ, ಮೇಲೆ ಕೊಳಲು ಊದುವ ಮಕ್ಕಳು. ಗುಡ್ಡದ ಮರಗಳೆಲ್ಲ ಕೆಂಪಗೆ ಹಣ್ಣಾಗಿದ್ದವು. ಸಾವಿರಾರು ಜನ ಇದ್ದರೂ ಯಾರೂ ಯಾರನ್ನೂ ನೂಕುತ್ತಿರಲಿಲ್ಲ. ಪೊಲೀಸರು ಪಿಸುಮಾತಿನಲ್ಲಿ ಜನರನ್ನು ಸರಿಸುತ್ತಿದ್ದರು. ಜನ ನಿಜವಾಗಿಯೂ ಸರಿಯುತ್ತಿದ್ದರು! ‘ಇವರೇನ ಹಬ್ಬಾ ಮಾಡಾಕತ್ತಾರೋ, ಪರೀಕ್ಷಾ ಬರ್ಯಾಕತ್ತಾರೋ?’ ಎಂದರು ಸಿಂದಗಿಯವರು.

ನೋಡುವವರಲ್ಲಿ ಕಣ್ಣಿನಿಂದ ನೋಡುವವರು ಮಾತ್ರ ಯಾರೂ ಇರಲಿಲ್ಲ. ಎಲ್ಲರ ಮುಖದ ಮುಂದೂ ಒಂದೊಂದು ಕ್ಯಾಮೆರಾ. ನಾನೂ ಅದೇ ಗುಂಪಿನವಳು. ಮಗನ ಕ್ಯಾಮೆರಾದ ರೀಲನ್ನು ಅರ್ಧದಷ್ಟು ಖರ್ಚು ಮಾಡಿದೆ. ಊರಿಗೆ ಬಂದು ತೊಳೆಸಿದಾಗ ಹೆಚ್ಚಿನವುಗಳಲ್ಲಿ ಒಬ್ಬ ಜರ್ಮನ್ ಪ್ರವಾಸಿಯ ಟೊಪ್ಪಿಗೆ ಬಹಳ ಚೆನ್ನಾಗಿ ಬಂದಿತ್ತು.

ಒಂದು ತೇರನ್ನು ಚೌಕದಲ್ಲಿ ನಿಲ್ಲಿಸಿ ಗೊಂಬೆ ಆಡಿಸಿದರು. ತೇರಿನ ಮೇಲಂತಸ್ತಿನಿಂದ ಉದ್ದನೆಯ ತೊಲೆ ಮುಂದೆ ಚಾಚಿತ್ತು. ಒಂದು ಮಗುವಿನ ಗೊಂಬೆ ಅದರ ಮೇಲೆ ತಾನೇ ನಡೆದು ಬಂದು, ಲಾಗ ಹಾಕಿ, ಕೈಯಲ್ಲಿದ್ದ ಡಬ್ಬಿ ತೆರೆದು ಬಣ್ಣದ ಕಾಗದದ ಚೂರು ಚೆಲ್ಲಿತು. ಜನ ‘ಓ’ ಎಂದರು. ಮುದ್ದೇಬಿಹಾಳದವರು ಗೊಂಬೆಯನ್ನು ನೋಡಲೇ ಇಲ್ಲ. ತೇರಿನ ಹೊಟ್ಟೆಯ ಕಡೆ ಬಗ್ಗಿ, ‘ಒಳಗ ಮಂದಿ ಕುಂತು ದಾರ ಎಳ್ಯಾಕತ್ತಾರ್ರಿ! ಏಳೆಂಟು ಮಂದಿ ಅದಾರ್ರಿ! ಸ್ಪ್ರಿಂಗ್ ಎಲ್ಲಿ ಹಾಕ್ಯಾರ?’ ಎಂದು ಕುಣಿದಾಡತೊಡಗಿದರು. ಅವರನ್ನು ತೇರಿನ ಕೆಳಗೆ ಹೋಗದಂತೆ ಹಿಡಿಯುವುದರಲ್ಲಿ ನಾನು, ಸಿಂದಗಿಯವರು ಮುಳುಗಿದ್ದೆವು. ತಿರುಗಿ ನೋಡಿದರೆ ಬಾಗೇವಾಡಿಯವರು ಇಲ್ಲ.

ಮೊದಲು ಯಾರೂ ಗಾಬರಿಯಾಗಲಿಲ್ಲ. ಅಷ್ಟು ದೊಡ್ಡ ಮೀಸೆ ಆ ಊರಿನಲ್ಲಿ ಎಲ್ಲಿ ಹೋದೀತು? ಚೌಕ ಹುಡುಕಿದೆವು, ಕೆಂಪು ಸೇತುವೆಯ ತನಕ ಹೋಗಿ ಬಂದೆವು, ಶೌಚಾಲಯದ ಮುಂದೆ ಸಿಂದಗಿಯವರು ನಿಂತು ಕೂಗಿದರು. ಬಸ್ಸಿನ ಹೊತ್ತು ಹತ್ತಿರ ಬಂದ ಹಾಗೆ ಪುಣೆಯ ಸಾಹೇಬರ ದನಿ ಏರಿತು. ಗೈಡ್ ಹೆಣ್ಣುಮಗಳ ಕಣ್ಣಲ್ಲಿ ನೀರು ನಿಂತಿತು. ಇಷ್ಟು ವರ್ಷದಲ್ಲಿ ಅವಳು ಒಬ್ಬ ಪ್ರವಾಸಿಯನ್ನೂ ಕಳೆದವಳಲ್ಲವಂತೆ. ಆಗ ನನಗೂ ಹೆದರಿಕೆ ಹತ್ತಿತು. ಅವರಿಗೆ ಇಂಗ್ಲಿಷೂ ಬರುವುದಿಲ್ಲ, ಹಿಂದಿಯೂ ಅಷ್ಟಕ್ಕಷ್ಟೆ. ಹೋಟೆಲಿನ ಹೆಸರು ನಮಗ್ಯಾರಿಗೂ ನಾಲಿಗೆಗೆ ಹತ್ತಿರಲಿಲ್ಲ. ಆಗಾಗ ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವುದನ್ನೂ ನೋಡಿದ್ದೆ. ಬಾಗೇವಾಡಿಯಲ್ಲಿ ಅವರ ಹೆಂಡತಿಯ ಮುಂದೆ ಹೋಗಿ ನಿಂತು ಏನು ಹೇಳಲಿ?

ಮೆರವಣಿಗೆ ಶುರುವಾಗಿತ್ತು. ತೇರುಗಳು ಒಂದರ ಹಿಂದೊಂದು ಕಿರಿದಾದ ಓಣಿಯಲ್ಲಿ ಬರುತ್ತಿದ್ದವು. ನಾವು ರಸ್ತೆ ದಾಟಲಾಗದೆ ಬದಿಗೆ ನಿಂತೆವು. ಮೂರನೆಯದೋ ನಾಲ್ಕನೆಯದೋ ತೇರು. ಅದರ ಮುಂದೆ ಹಗ್ಗ ಹಿಡಿದು ನೀಲಿ ಅಂಗಿಯ ಗಂಡಸರು, ಹೆಚ್ಚಿನವರು ತಲೆ ನರೆತವರು, ಹೆಜ್ಜೆಗೆ ಹೆಜ್ಜೆ ಕೂಡಿಸಿ ಬರುತ್ತಿದ್ದರು.

‘ಅಕ್ಕಾರ...’ ಎಂದರು ಮುದ್ದೇಬಿಹಾಳದವರು. ಹಗ್ಗದ ಕಡೆ ಕೈ ಮಾಡಿ ತೋರಿಸಿದರು.

ಹಗ್ಗದ ಕೊನೆಯ ಸಾಲಿನಲ್ಲಿ, ಇಬ್ಬರು ಮುದುಕರ ನಡುವೆ, ಮೊಣಕಾಲ ತನಕ ಬಂದ ನೀಲಿ ಅಂಗಿ, ಹಣೆಗೆ ಕಟ್ಟಿದ ಬಿಳಿ ಪಟ್ಟಿ, ಅದರ ಕೆಳಗೆ ಅಳಿಸದ ವಿಭೂತಿ, ಅದರ ಕೆಳಗೆ ಬಾಗೇವಾಡಿಯ ಮೀಸೆ. ಮುಖದಲ್ಲಿ ನಗುವಿಲ್ಲ. ನೋಟ ನೇರ. ಮುಂದಿನವರು ‘ಯೋಯ್’ ಎಂದಾಗ ಇವರೂ ‘ಯೋಯ್’ ಎನ್ನುತ್ತಿದ್ದರು.

ಪುಣೆಯ ಸಾಹೇಬರು ಕೂಗಿದರು, ಇವರು ತಿರುಗಲಿಲ್ಲ. ನಾನು, ಸಿಂದಗಿಯವರು ಮೆರವಣಿಗೆಯ ಪಕ್ಕದಲ್ಲೇ ಓಡಿದೆವು.

‘ಬಸ್ಸು ಬಿಡ್ತೈತ್ರಿ! ಬಿಟ್ಟು ಬರ್ರಿ ಹೊರಗ!’ ಎಂದೆ.

ಅವರು ತುಟಿ ಅಲುಗಿಸದಂತೆ ಹೇಳಿದರು: ‘ಈಗ ಬಿಡಾಕ ಬರೂದಿಲ್ರಿ ಅಕ್ಕಾರ. ನನ್ನ ಹಿಂದ ತೇರು ಐತಿ.’

ಅದು ನಿಜವೇ ಆಗಿತ್ತು. ಹೀಗಾಗಿ ನಾಸಿಕ್ ಸೊಲ್ಲಾಪುರದವರೆಲ್ಲ ಬಸ್ಸಿನಲ್ಲಿ ಕೂತು ಕಾದರು. ನಾವು ಊರಿನ ಓಣಿ ಓಣಿ ಸುತ್ತಿ, ಹಬ್ಬದಲ್ಲಿ ನಮ್ಮವರೊಬ್ಬರನ್ನೇ ನೋಡುತ್ತ ನಡೆದೆವು. ತೇರು ತನ್ನ ಕೋಠಿಯ ಮುಂದೆ ಬಂದು ನಿಂತಾಗ ಅವರು ಹಗ್ಗ ಕೆಳಗಿಟ್ಟರು. ಅಂಗೈ ಕೆಂಪಾಗಿ ಸುಲಿದಿತ್ತು. ಹಿಂದಿನ ದಿನ ಹನಿ ಒರೆಸುತ್ತಿದ್ದ ಮುದುಕರೇ ಆ ತೇರಿನ ಯಜಮಾನರು. ಅವರು ಎಳೆದವರಿಗೆಲ್ಲ ಸಣ್ಣ ಬಟ್ಟಲಿನಲ್ಲಿ ಅಕ್ಕಿಯ ಮದ್ಯ ಹಂಚಿದರು. ಬಾಗೇವಾಡಿಯವರು ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಹಣೆಗೆ ಒತ್ತಿ, ಹಿಂದೆ ನಿಂತಿದ್ದ ಮುದ್ದೇಬಿಹಾಳದವರಿಗೆ ದಾಟಿಸಿದರು. ಮುದ್ದೇಬಿಹಾಳದವರು ಜಿಲ್ಲೆಯ ಪರವಾಗಿ ಕುಡಿದರು.

ನೀಲಿ ಅಂಗಿ ಬಿಚ್ಚಿ ಕೊಟ್ಟ ಮೇಲೆ ಅವರು ಸಫಾರಿಯ ಒಳಗಿನಿಂದ ಮುದುಡಿದ ಶಾಲು ತೆಗೆದರು. ಬೆವರಿನಿಂದ ಒದ್ದೆಯಾಗಿತ್ತು. ಅದನ್ನು ಮುದುಕರ ಹೆಗಲಿಗೆ ಹೊದಿಸಿದರು. ಭಾಷಣ ಮಾಡಲಿಲ್ಲ. ಭಾಷಣವಿಲ್ಲದೆ ಅವರು ಶಾಲು ಹೊದಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮುದುಕರು ಶಾಲಿನ ಅಂಚು ಮುಟ್ಟಿ ನೋಡಿ, ಒಳಗೆ ಹೋಗಿ, ಒಂದು ಜೊತೆ ಹುಲ್ಲಿನ ಚಪ್ಪಲಿ ತಂದು ಇವರ ಕೈಗೆ ಕೊಟ್ಟರು.

ಬಸ್ಸಿನಲ್ಲಿ ಅವರು ಡ್ರೈವರನ ಹಿಂದಿನ ಸೀಟು ಬಿಟ್ಟು ನಮ್ಮ ಜೊತೆ ಹಿಂದೆ ಬಂದು ಕೂತರು. ಏನಾಯಿತೆಂದು ಕೇಳಿದೆವು.

‘ಏನಿಲ್ರಿ, ಫೋಟೋಕ್ಕ ಛಲೋ ಜಾಗಾ ಅಂತ ಮುಂದ ಹೋಗಿ ನಿಂತಿದ್ನಿ. ಈ ಹಿರ್‍ಯಾರು ಬಂದ್ರು. ನನ್ನ ಭುಜಾ ನೋಡಿದ್ರು. ಏನೋ ಕೇಳಿದ್ರು. ನಾ ಹೂಂ ಅಂದ್ನಿ. ಒಂದು ಅರಿವಿ ತಂದು ಹೊಚ್ಚಾಕ ಬಂದ್ರು. ಸನ್ಮಾನ ಮಾಡಾಕತ್ತಾರ ಅಂತ ನಾ ಕೈ ಮುಗದು ಕುತ್ತಿಗಿ ಬಗ್ಗಿಸಿದ್ನಿ.’ ಸುಲಿದ ಅಂಗೈ ತಿರುಗಿಸಿ ನೋಡಿಕೊಂಡು ಅಂದರು: ‘ಕೈ ಬಿಡಿಸಿ ಹಗ್ಗ ಕೊಟ್ರು.’

ಸಿಂದಗಿಯವರು ನಗುವುದಕ್ಕೆ ಶುರುಮಾಡಿದವರು ಗುಡ್ಡ ಇಳಿಯುವ ತನಕ ನಿಲ್ಲಿಸಲಿಲ್ಲ. ಬಾಗೇವಾಡಿಯವರಿಗೆ ಸಿಟ್ಟು ಬರಲಿಲ್ಲ. ಆ ಓಣಿಯ ಹರೆಯದವರೆಲ್ಲ ದೊಡ್ಡ ಊರುಗಳಿಗೆ ಹೋಗಿ, ಈಗ ಹಗ್ಗಕ್ಕೆ ಕೈ ಸಾಲುವುದಿಲ್ಲ ಎಂದು ಗೈಡ್ ಹೇಳಿದಳು. ಗಟ್ಟಿಮುಟ್ಟಾದ ಗಂಡಸು ಕಂಡರೆ ಕೇಳಿ ನೋಡುತ್ತಾರಂತೆ.

ಮರುದಿನ ಕಾರ್ಖಾನೆ ನೋಡಿದೆವು. ಅದೂ ಇತ್ತು.

ಇನ್ನು ಊರಿಗೆ ಬಂದ ಮೇಲಿನ ಕಥೆ. ಹದಿನೈದು ದಿನದಲ್ಲಿ ಸುದ್ದಿ ನಾಲ್ಕೂ ತಾಲೂಕು ಸುತ್ತಿತು. ಮುದ್ದೇಬಿಹಾಳದ ಸಂತೆಯಲ್ಲಿ, ಜಪಾನಿಯವರ ತೇರಿನ ಯಂತ್ರ ಕೆಟ್ಟು ನಿಂತಿತ್ತೆಂದೂ ನಮ್ಮವರು ಪಾನಾ ಹಿಡಿದು ಕೆಳಗೆ ತೂರಿ ರಿಪೇರಿ ಮಾಡಿದರೆಂದೂ ಹೇಳುತ್ತಿದ್ದರು. ಸಿಂದಗಿಯಲ್ಲಿ, ನಮ್ಮ ಸಾಹೇಬರು ಜಪಾನಿನಲ್ಲಿ ಧರಣಿ ಹೂಡಿ ಸರ್ಕಾರವನ್ನು ಬಗ್ಗಿಸಿದ್ದು ಪೇಪರಿನಲ್ಲಿ ಬಂತು. ಇಂಡಿಯಲ್ಲಿ ಯಾರೂ ತೇರಿನ ಮಾತು ಎತ್ತಲಿಲ್ಲ. ಅಂಗಡಿಗೆ ಬಂದವರೆಲ್ಲ, ‘ಅಕ್ಕಾರ, ಅಲ್ಲಿ ನಿಂಬಿಗಿಡಕ್ಕ ಏನ ಔಷಧ ಹೊಡಿತಾರ್ರಿ?’ ಎಂದಷ್ಟೇ ಕೇಳಿದರು. ನಿಂಬೆ ಬೆಳೆಯುವ ನಮ್ಮ ಊರು ಮೊದಲಿನಿಂದಲೂ ಹಾಗೆಯೇ.

ಬಾಗೇವಾಡಿಯಲ್ಲಿ ಸನ್ಮಾನ ಸಮಾರಂಭ ಇಟ್ಟರು. ಹುಲ್ಲಿನ ಚಪ್ಪಲಿಗಳನ್ನು ವೇದಿಕೆಯ ಮೇಲೆ ಒಂದು ಸ್ಟೂಲಿಗೆ ಕೆಂಪು ಬಟ್ಟೆ ಹಾಸಿ ಇಟ್ಟಿದ್ದರು. ಸ್ವಾಗತ ಮಾಡಿದ ಮೇಷ್ಟ್ರು, ಜಪಾನಿನ ಹಿರಿಯರು ನಮ್ಮ ನಾಯಕರನ್ನು ಲಕ್ಷ ಜನರಲ್ಲಿ ಆರಿಸಿ ತೇರಿನ ಮೊದಲ ಹಗ್ಗ ಅವರ ಕೈಗಿತ್ತರು ಎಂದರು. ಆಮೇಲೆ ಮಾತಾಡಿದವರು ಆ ತೇರಿಗೆ ಚಿನ್ನದ ಗಾಲಿ ಹಾಕಿದರು. ಮುಖ್ಯ ಅತಿಥಿಗಳು ಹೂವಿನ ಹಿಪ್ಪರಗಿಯಿಂದ ತಡವಾಗಿ ಬಂದು, ಯಾವ ದೇಶವೆಂದು ಮರೆತು, ಚೀನಾದವರ ಶಿಸ್ತನ್ನು ಬಹಳ ಹೊಗಳಿದರು. ಬಾಗೇವಾಡಿಯವರು ನಡುವಿನ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಒಪ್ಪಿಕೊಂಡರು. ತಮ್ಮ ಭಾಷಣದಲ್ಲಿ ಒಂದೆರಡು ಸಂಗತಿ ತಾವೂ ಸೇರಿಸಿದರು.

ಕಣ್ಣಾರೆ ಕಂಡವರು ಎಂದು ನನ್ನನ್ನೂ ಮಾತಾಡಲು ಕರೆದರು. ನಾನು ಮೈಕಿನ ಮುಂದೆ ನಿಂತು, ‘ಅವರು ಹಗ್ಗದ ಕೊನೇ ಸಾಲಿನಾಗ ಇದ್ರು. ಊರೆಲ್ಲಾ ಸುತ್ತಿದ್ರೂ ಹೆಜ್ಜಿ ತಪ್ಪಲಿಲ್ಲ. ಕೈ ಸುಲದಿತ್ತು, ಆದ್ರೂ ಬಿಡಲಿಲ್ಲ’ ಎಂದೆ. ಚಪ್ಪಾಳೆ ಬಿತ್ತು, ಆದರೆ ಚಿನ್ನದ ಗಾಲಿಯವರಿಗೆ ಬಿದ್ದಷ್ಟು ಅಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಅವಲಕ್ಕಿ, ಚಹಾ. ಅವರು ಕುತ್ತಿಗೆಯ ಹಾರಗಳನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದರು.

‘ಕೊನೇ ಸಾಲು ಅಂದ್ರಲ್ರಿ ಅಕ್ಕಾರ.’

‘ಬ್ಯಾಸರ ಆತೇನ್ರಿ?’

‘ಇಲ್ರಿ. ಖರೇನ ಅದು.’ ಹಾರದ ಒಂದು ಹೂವು ಕಿತ್ತು ಬೆರಳಲ್ಲಿ ತಿರುಗಿಸಿದರು. ‘ಅಲ್ಲಿ ಅಷ್ಟೊತ್ತು ಎಳದ್ನಿ, ಒಬ್ಬರೂ ನನ್ನ ಹೆಸರ ಕೇಳಲಿಲ್ರಿ. ಯಾವೂರು ಅನಲಿಲ್ಲ. ಬಾಜೂದವರು ಬೆವರ ಒರಸ್ಕೊಳ್ಳಾಕ ತಮ್ಮ ಅರಿವೀನ ಕೊಟ್ರು. ಭಾಳ ಹಗುರ ಅನಿಸಿತ್ರಿ. ಇದನ್ನ ಮೈಕಿನ್ಯಾಗ ಹೆಂಗ ಹೇಳೂದು ಅಂತ ಗೊತ್ತಾಗಲಿಲ್ಲ.’

ಅಷ್ಟರಲ್ಲಿ ಫೋಟೋದವನು ಕೂಗಿದ. ಮುಖ್ಯ ಅತಿಥಿಗಳ ಜೊತೆ ಇನ್ನೊಂದು ಫೋಟೋ ಬೇಕಂತೆ. ಅವರು ಹಾರಗಳನ್ನು ಮತ್ತೆ ಕುತ್ತಿಗೆಗೆ ಹಾಕಿಕೊಂಡರು, ಮೀಸೆ ಸವರಿಕೊಂಡರು. ಜನ ದಾರಿ ಬಿಟ್ಟರು. ಅವರು ಹೋಗಿ ನಡುವೆ ನಿಂತರು. ನನಗೆ ಬಿಜಾಪುರದಲ್ಲಿ ಬಸ್ಸು ಬದಲಿಸಿ ಇಂಡಿ ಮುಟ್ಟಬೇಕಾಗಿತ್ತು. ತಟ್ಟೆ ಇಟ್ಟು, ಕೈ ತೊಳೆದುಕೊಂಡು, ಬಸ್ ಸ್ಟ್ಯಾಂಡಿನ ಕಡೆ ನಡೆದೆ.